ಚಪಾತಿ ತಿನ್ನುವ ಮೀನು

ನಮ್ಮ ಮನೆಯ ಮೀನು ಚಪಾತಿ ತಿಂದು ಬದುಕುತ್ತದೆ ಎಂದು ನಾನು ಹೆಚ್ಚುಕಡಿಮೆ ಒಂದು ವರ್ಷ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಸಾಲೆಯಲ್ಲಿ, ಗಲ್ಲಿಯಲ್ಲಿ, ನಳದ ಮುಂದೆ ಕೊಡ ಹಿಡಿದು ನಿಂತವರ ಹತ್ತಿರ ಎಲ್ಲ ಹೇಳಿಕೊಂಡು ತಿರುಗಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರ ಮಗಳು ಹೇಳುತ್ತಿದ್ದಾಳೆ ಎಂದು ಕೇಳಿದವರೂ ನಂಬಿದರು. ನಗಬೇಡಿ. ಅಪ್ಪ ಹೇಳಿದ್ದ, ಆಯಿ ಹೌದೆಂದಿದ್ದಳು, ಸಂಜೆ ನಾನು ಹಾಕಿದ ಚೂರುಗಳು ಬೆಳಗಾಗುವಷ್ಟರಲ್ಲಿ ನೀರಿನಲ್ಲಿ ಇರುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಬೆಳಗಾವಿಯ ಕೋಟೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಗಲ್ಲಿಯಲ್ಲಿ ನಮ್ಮ ಮನೆ. ಮೊದಲು ಪಡಸಾಲೆ, ಅದರ ಹಿಂದೆ ದೇವರ ಮನೆ, ಅದರ ಹಿಂದೆ ಅಡುಗೆ ಮನೆ, ಕೊನೆಗೆ ಪೇರಲ ಗಿಡದ ಹಿತ್ತಲು, ಎಲ್ಲ ರೈಲಿನ ಡಬ್ಬಿಗಳ ಹಾಗೆ ಒಂದರ ಬೆನ್ನಿಗೆ ಒಂದು. ಯಾರು ಎಲ್ಲಿಗೆ ಹೋಗಬೇಕಾದರೂ ಆಯಿಯ ಕಣ್ಣ ಮುಂದೆ ಹಾದೇ ಹೋಗಬೇಕು. ಆಯಿ ಎಂದರೆ ಅಪ್ಪನ ತಾಯಿ. ಎರಡು ಹೊತ್ತು ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು. ಅವಳ ಪೂಜೆಗೆ ಪತ್ರಿ, ಹೂವು ತರುವುದು, ವಿಭೂತಿಯ ತಟ್ಟೆ ಒರೆಸಿಡುವುದು ನನ್ನ ಕೆಲಸ. ನನಗೂ ಆಗಷ್ಟೇ ಲಿಂಗ ಕಟ್ಟಿದ್ದರು. ಅಕ್ಕ ತಂಗಿ ಇಲ್ಲದ ಮನೆಯಲ್ಲಿ ಆ ಕೆಲಸವೇ ನನ್ನ ದೊಡ್ಡಸ್ತಿಕೆ. ಅವ್ವ ಅಡುಗೆ ಮನೆಯಲ್ಲಿ ಇರುತ್ತಿದ್ದಳು, ಮಾತು ಕಡಿಮೆ. ಅಪ್ಪ ಹೊರಗಿನವರ ಮುಂದೆ ಹುಲಿ, ಆಯಿಯ ಮುಂದೆ ಕರು. ಇದನ್ನು ಆಗ ನಾನು ಪ್ರೀತಿ ಎಂದುಕೊಂಡಿದ್ದೆ.

ಗಾಜಿನ ತೊಟ್ಟಿ ಬಂದದ್ದು ಕ್ಯಾಂಪಿನಿಂದ. ಅಲ್ಲಿಯ ಬಂಗಲೆಯೊಂದರಲ್ಲಿ ಅಪ್ಪ ಮಿಲಿಟರಿ ಅಧಿಕಾರಿಯೊಬ್ಬರ ಮಗನಿಗೆ ಗಣಿತ ಹೇಳಿಕೊಡುತ್ತಿದ್ದ. ಅವರಿಗೆ ವರ್ಗವಾದಾಗ ತೊಟ್ಟಿಯನ್ನು ಅಪ್ಪನಿಗೇ ಬಿಟ್ಟುಹೋದರು. ಅದರಲ್ಲಿ ಮೊದಲು ಪೇಟೆಯ ಬಂಗಾರದ ಬಣ್ಣದ ಮೂರು ಮೀನು ತಂದು ಬಿಟ್ಟೆವು. ಒಂದು ವಾರದಲ್ಲಿ ಮೂರೂ ಹೊಟ್ಟೆ ಮೇಲೆ ಮಾಡಿದವು. ನಾನು ಊಟ ಬಿಟ್ಟು ಅತ್ತೆ. ಆಗ ಅಪ್ಪ ಖಾನಾಪುರದ ಪುಂಡಲೀಕ ಕಾಕಾನ ಹತ್ತಿರ ಬೇಗ ಸಾಯದ ಮೀನು ಬೇಕೆಂದು ಹೇಳಿದ. ಪುಂಡಲೀಕ ಕಾಕಾ ಅಪ್ಪನ ಹಳೆಯ ಗೆಳೆಯ, ಜಾಂಬೋಟಿ ರಸ್ತೆಗೆ ಹತ್ತಿದಂತೆ ಭತ್ತದ ಗದ್ದೆ ಇದ್ದವರು, ಶನಿವಾರ ಬೆಳಗಾವಿಯ ಪೇಟೆಗೆ ಬಂದರೆ ನಮ್ಮಲ್ಲಿ ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ಅವರ ಕಪ್ಪು ಮಾತ್ರ ಬಾಗಿಲ ಪಕ್ಕದ ಗೂಡಿನಲ್ಲಿ ಬೇರೆ ಇತ್ತು. ಅದು ಯಾಕೆ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅವರು ಒಂದು ಸ್ಟೀಲಿನ ಕ್ಯಾನಿನಲ್ಲಿ ತಂದದ್ದು ಗೇಣಿಗಿಂತ ಸ್ವಲ್ಪ ಗಿಡ್ಡ ಇದ್ದ ಮೀನು. ಆ ಕಡೆ ಅದಕ್ಕೆ ಮರಳ ಎನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಕೊರವ. ತಲೆ ಥೇಟ್ ಹಾವಿನದು. ಮೈ ಮಣ್ಣಿನ ಬಣ್ಣ, ಆದರೆ ಬಿಸಿಲು ಬಿದ್ದಾಗ ಒಳಗಿಂದ ನೀಲಿ ಹೊಳೆಯುತ್ತಿತ್ತು, ರೆಕ್ಕೆಯ ಅಂಚಿಗೆ ಕೇಸರಿ ಗೆರೆ. ಮರಳದಲ್ಲಿ ಇದು ಸಣ್ಣ ಜಾತಿ, ಇನ್ನು ಬೆಳೆಯುವುದಿಲ್ಲ, ಉಳಿದವು ಮೊಳದುದ್ದ ಆಗುತ್ತವೆ ಎಂದರು ಕಾಕಾ. ಆಮೇಲೆ ಪಡಸಾಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನನಗೆ ಒಂದೊಂದಾಗಿ ಪಾಠ ಮಾಡಿದರು.

“ತೊಟ್ಟಿ ಪೂರಾ ತುಂಬಬ್ಯಾಡ ಪೋರಿ. ಮ್ಯಾಲೆ ನಾಕ ಬೆರಳ ಜಾಗಾ ಬಿಡು. ಇದು ನಮ್ಮಂಗ ಮ್ಯಾಲೆ ಬಂದು ಗಾಳಿ ಕುಡೀತೈತಿ. ಗಾಳಿ ಸಿಗಲಿಲ್ಲಂದ್ರ ನೀರಾಗ ಇದ್ದೂ ಮುಳುಗಿ ಸಾಯ್ತೈತಿ.”

“ಮೀನು ಮುಳುಗಿ ಸಾಯ್ತೈತೇನ ಕಾಕಾ?”

“ಖರೇ ಹೇಳಾಕತ್ತೀನಿ. ಮುಚ್ಚಳಾನೂ ಬೇಕು, ಮ್ಯಾಲೆ ವಜ್ಜಾನೂ ಇಡು. ಇಲ್ಲಂದ್ರ ಹಾರಿ ನಿಮ್ಮ ಆಯಿ ಮಗ್ಗಲಿಗೆ ಬಂದು ಮಲಗತೈತಿ.”

ನಳದ ನೀರನ್ನು ನೇರ ಹಾಕಬಾರದು, ಒಂದು ದಿನ ಕೊಡದಲ್ಲಿ ಹಿಡಿದಿಟ್ಟು ಔಷಧಿಯ ವಾಸನೆ ಹೋದ ಮೇಲೆ ಹಾಕಬೇಕು. ನಾಲ್ಕು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸಬೇಕು, ಪೂರ್ತಿ ಬದಲಿಸಬಾರದು. ಅಡಗಲು ಒಂದು ಒಡೆದ ಗಡಿಗೆ, ತಳಕ್ಕೆ ಬಾದಾಮಿ ಗಿಡದ ಒಣ ಎಲೆ. ಇನ್ನೊಂದು ಮೀನನ್ನು ಜೊತೆಗೆ ಬಿಡಬಾರದು, ಬೆಳಗಾಗುವುದರಲ್ಲಿ ಒಂದೇ ಉಳಿಯುತ್ತದೆ. ಇದನ್ನೆಲ್ಲ ನಾನು ವಹಿಯಲ್ಲಿ ಬರೆದುಕೊಂಡೆ. ತೊಟ್ಟಿಯ ಮುಚ್ಚಳದ ಮೇಲೆ ಅಪ್ಪನ ದಪ್ಪ ಶಬ್ದಕೋಶ ಹತ್ತಿ ಕೂತಿತು. ಉಳಿದದ್ದು ಒಂದೇ ಪ್ರಶ್ನೆ, ಇದು ಏನು ತಿನ್ನುತ್ತದೆ? ಅದನ್ನು ಕೇಳಿದವಳು ಆಯಿ. ಕಾಕಾ ಬಾಯಿ ತೆರೆಯುವ ಮೊದಲೇ ಅಪ್ಪ ನಡುವೆ ಬಂದ.

“ಏನ ಹಾಕಿದ್ರೂ ತಿಂತೈತಿ ಬೇ. ರೂಢಿ ಮಾಡಿಸಬೇಕಷ್ಟ.”

“ಹಂಗಾರ ಇರಲಿ,” ಎಂದಳು ಆಯಿ. “ಆದ್ರ ಈ ಮನ್ಯಾಗ ಒಂದ ಜೀವ ಕೊಂದು ಇನ್ನೊಂದಕ್ಕ ಹಾಕೂ ಹಂಗಿಲ್ಲ. ನಾವು ಉಂಡದ್ದ ಅದೂ ಉಣ್ಣಬೇಕು.”

ಮೀನು ಉಣ್ಣಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಚಪಾತಿ ಹಾಕಿದರೆ ತಿರುಗಿ ನೋಡಲಿಲ್ಲ, ಅನ್ನದ ಅಗುಳು ಹಾಕಿದರೆ ಗಡಿಗೆಯೊಳಗೆ ಹೋಗಿ ಕೂತಿತು. ನನಗೆ ಜೀವ ಬಾಯಿಗೆ ಬಂದಿತ್ತು. ಆದರೆ ಅದು ಶ್ರಾವಣ ಮಾಸ. ಆಯಿ ಸೋಮವಾರದ ಪೂಜೆ ಮುಗಿಸಿ ತೊಟ್ಟಿಯ ಮುಂದೆ ನಿಂತಳು, ಕೈ ಮುಗಿದಳು.

“ಶ್ರಾವಣಾ ಹಿಡದೈತಿ ನೋಡು. ಯಾವ ಜನ್ಮದ ಶರಣನೋ ಏನೋ.”

ಅವತ್ತಿನಿಂದ ಮೀನಿನ ಹೆಸರು ಶರಣಪ್ಪ. ಹನ್ನೆರಡನೆಯ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಿ ತೋರಿಸಿದ. ಹಿಂದಿನ ಸಂಜೆಯ ಚಪಾತಿ ಚೂರು ಒಂದೂ ಇರಲಿಲ್ಲ. “ತಿಂದೈತಿ,” ಎಂದ. ನಾನು ಕುಣಿದಾಡಿದೆ. ಅಲ್ಲಿಂದ ಮುಂದೆ ದಿನವೂ ಸಂಜೆ ನನ್ನ ತಾಟಿನ ಕೊನೆಯ ಚಪಾತಿಯಲ್ಲಿ ಅರ್ಧ ಮುರಿದು, ಕಡಲೆಬೇಳೆಯಷ್ಟು ಸಣ್ಣ ಸಣ್ಣ ಚೂರು ಮಾಡಿ ಹಾಕುತ್ತಿದ್ದೆ. ಶರಣಪ್ಪ ಮೈ ತುಂಬಿಕೊಂಡ, ಬಣ್ಣ ಏರಿತು. ನಾನು ತೊಟ್ಟಿಯ ಹತ್ತಿರ ಹೋದರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿದ್ದ. ಆಯಿ ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಲಿಂಗವಂತರ ಮನೆಯ ಮೀನು ನೋಡಲು ಸೋಮವಾರಕ್ಕೊಮ್ಮೆ ನಾಲ್ಕು ಜನ ಬರುವಂತಾಯಿತು. ಆಯಿಯ ಮಾತು ಕೇಳಿ ನನಗೆ ಕೊಂಬು ಬಂದಿತ್ತು: “ಎಲ್ಲಾ ನಮ್ಮ ಶಶೀ ಕೈಗುಣ.”

ಮುಂದಿನ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಧಾರವಾಡದಲ್ಲಿ ಹತ್ತು ದಿನ ಮಾಸ್ತರರ ತರಬೇತಿ ಬಿತ್ತು. ಹೊರಡುವಾಗ ನನ್ನನ್ನು ಒತ್ತಟ್ಟಿಗೆ ಕರೆದು, ನಾನು ಬರುವ ತನಕ ಶರಣಪ್ಪನಿಗೆ ಏನೂ ಹಾಕಬೇಡ, ಹತ್ತು ದಿನ ಅದು ತಡೆಯುತ್ತದೆ ಎಂದ. ನನಗೆ ಇದು ಕಟುಕತನ ಎನಿಸಿತು. ಆಯಿಗೂ ಹಾಗೆಯೇ ಎನಿಸಿತು. ಅಪ್ಪನ ಬಸ್ಸು ಊರು ದಾಟಿತೋ ಇಲ್ಲವೋ, ನಾವಿಬ್ಬರೂ ಸೇರಿ ಅರ್ಧದ ಬದಲು ಒಂದು ಪೂರ್ತಿ ಚಪಾತಿ ಹಾಕಿದೆವು. ಮರುದಿನ ಬೆಳಿಗ್ಗೆ ಚೂರುಗಳು ಅಲ್ಲೇ ಇದ್ದವು, ಉಬ್ಬಿಕೊಂಡು. ಮೂರನೆಯ ದಿನ ನೀರು ಗಂಜಿಯಾಯಿತು. ನಾಲ್ಕನೆಯ ದಿನ ಶರಣಪ್ಪ ಓರೆಯಾಗಿ ನೀರಿನ ಮೇಲೆ ನೇತಾಡುತ್ತಿದ್ದ, ಬಾಲದ ಮೇಲೆ ಹತ್ತಿಯ ಎಳೆಯಂಥದು ಬೆಳೆದಿತ್ತು. ಅಪ್ಪನ ಅಗಲಿಕೆಗೆ ಸೊರಗಿದೆ ಎಂದಳು ಆಯಿ. ನಾನು ಅದಕ್ಕೂ ಅತ್ತೆ.

ಪುಣ್ಯಕ್ಕೆ ಅವತ್ತು ಶನಿವಾರ. ಪುಂಡಲೀಕ ಕಾಕಾ ಬಂದವರು ತೊಟ್ಟಿ ನೋಡಿ ಚಹಾದ ಕಪ್ಪನ್ನು ಹಾಗೆಯೇ ಗೂಡಿನಲ್ಲಿಟ್ಟರು.

“ಅಗ ಪೋರಿ, ಏನ ಹಾಕೀ ಇದರಾಗ?”

“ದಿನಾ ಹಾಕೂದು ಕಾಕಾ. ಚಪಾತಿ.”

“ಮರಳಕ್ಕ ಚಪಾತಿ?” ಕಾಕಾ ಜೋರಾಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನುಂಗಿದರು. ದೇವರ ಮನೆಯಲ್ಲಿ ಆಯಿಯ ಘಂಟೆ ಕೇಳುತ್ತಿತ್ತು. ನನ್ನ ಕೈ ಹಿಡಿದು ಅಂಗಳಕ್ಕೆ ಕರೆದೊಯ್ದರು. ಅಲ್ಲಿ ಅಪ್ಪನ ಸ್ಕೂಟರ್ ನಿಂತಿತ್ತು.

“ನಿಮ್ಮಪ್ಪ ನಿನಗ ಹೇಳೇ ಇಲ್ಲ? ವಾರಾ ವಾರಾ ನಮ್ಮ ಮನ್ಯಾಕಿ ಒಣಾ ಸೀಗಡಿ ಕಟ್ಟಿ ಕಳಸತಾಳಲ್ಲ. ಇದಕ್ಕಂತನ ಒಯ್ತಾನ. ಡಿಕ್ಕಿ ತಗದ ನೋಡು.”

ಡಿಕ್ಕಿಯ ಕೀಲಿ ಕೈ ಗೋಡೆಯ ಮೊಳೆಗೆ ಇತ್ತು. ತೆಗೆದೆ. ಬಟ್ಟೆಯಲ್ಲಿ ಸುತ್ತಿದ ಒಂದು ತಗಡಿನ ಡಬ್ಬಿ, ತುಂಬ ಒಣ ಸೀಗಡಿ. ಪಕ್ಕದಲ್ಲಿ ಚಹಾ ಸೋಸುವ ಹಳೆಯ ಜರಡಿ, ಅದರ ಕಣ್ಣುಗಳಲ್ಲಿ ಒಣಗಿ ಅಂಟಿದ ಚಪಾತಿ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಐದು ಗಂಟೆಗೆ, ಆಯಿ ಸ್ನಾನಕ್ಕೆ ಹೋದಾಗ, ನಾನು ಇನ್ನೂ ಮಲಗಿರುವಾಗ, ಅಪ್ಪ ದಿನವೂ ನನ್ನ ಚಪಾತಿಯನ್ನು ಸೋಸಿ ಮೋರಿಗೆ ಚೆಲ್ಲಿ ಸೀಗಡಿ ಹಾಕುತ್ತಿದ್ದ. ಇಷ್ಟು ತಿಂಗಳಲ್ಲಿ ಶರಣಪ್ಪ ನನ್ನ ಕೈಯ ಒಂದು ಚೂರನ್ನೂ ಮೂಸಿರಲಿಲ್ಲ. ನಾನು ಅಷ್ಟು ಮಂದಿಯ ಮುಂದೆ ಹೇಳಿಕೊಂಡ ಕೈಗುಣ ಮೋರಿಯಲ್ಲಿ ಹರಿದು ಹೋಗಿತ್ತು.

ಕಾಕಾ ಹೇಳಿದಂತೆ ಅರ್ಧ ನೀರು ತೆಗೆದು, ಹಿಡಿದಿಟ್ಟ ನೀರು ಹಾಕಿದೆ. ಒಂದು ಮುಷ್ಟಿ ಕಲ್ಲುಪ್ಪನ್ನು ಬೇರೆ ಗಿಂಡಿಯಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸುರಿದೆ. ಎರಡು ದಿನ ತಿನ್ನಲು ಏನೂ ಹಾಕಲಿಲ್ಲ, ದಿನವೂ ಸ್ವಲ್ಪ ನೀರು ಬದಲಿಸಿದೆ. ಮೂರನೆಯ ದಿನ ಶರಣಪ್ಪ ನೆಟ್ಟಗೆ ನಿಂತ. ಆಯಿ ಸ್ನಾನಕ್ಕೆ ಹೋದಾಗ ಒಂದು ಸೀಗಡಿ ನೆನೆಸಿ ಬೆರಳ ತುದಿಯಲ್ಲಿ ಹಿಡಿದೆ. ನೀರು ಚಟ್ ಎಂದಿತು, ಸೀಗಡಿ ಇರಲಿಲ್ಲ. ನನ್ನ ಕೈಯಿಂದ ಅದು ಮೊದಲ ಬಾರಿ ತಿಂದಿತ್ತು. ಎಷ್ಟು ಸಂತೋಷವಾಯಿತೆಂದರೆ, ಲಿಂಗ ಕಟ್ಟಿದ ಕೊರಳಿನವಳು ನಾನು ಎಂಬುದು ನೆನಪಾಗಿ ಹೆದರಿಕೆಯಾದದ್ದು ಬಹಳ ಹೊತ್ತಿನ ಮೇಲೆ.

ಅಪ್ಪ ಬಂದ ದಿನ ಡಬ್ಬಿಯನ್ನು ಅವನ ಮುಂದೆ ಹಿಡಿದೆ. ಅವನು ಮೊದಲು ಬಾಗಿಲ ಕಡೆ ನೋಡಿದ.

“ಚಪಾತಿ ತಿಂದಿತಂತ ಯಾಕ ಹೇಳಿದಿ?”

“ಹೇಳಲಿಲ್ಲಂದ್ರ ಆಯಿ ಇಟಗೊಳ್ಳಾಕ ಬಿಡತಿದ್ದಿಲ್ಲ. ನೀ ಮತ್ತ ಅಳತಿದ್ದಿ,” ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, “ಈಗ ಗೊತ್ತಾತಲ್ಲ, ಇನ್ನ ಮ್ಯಾಲೆ ಇದು ನಮ್ಮಿಬ್ಬರ ಕೆಲಸ. ಒಂದ ದಿನ ನಾ, ಒಂದ ದಿನ ನೀ. ಆಯಿಗೆ ಮಾತ್ರ ಹೇಳಬ್ಯಾಡ.”

“ಆಯಿಗೆ ಗೊತ್ತಾದ್ರ?”

“ನಾ ಅದೀನಲ್ಲ.”

ಅಷ್ಟು ಸಾಕಾಯಿತು ನನಗೆ. ಸಿಟ್ಟು ಎಲ್ಲಿ ಹೋಯಿತೋ. ಮೋಸ ಹೋದವಳು ಒಂದೇ ಗಳಿಗೆಯಲ್ಲಿ ಪಾಲುದಾರಳಾಗಿದ್ದೆ, ಅದೂ ಅಪ್ಪನಿಗೆ. ಎರಡು ತಿಂಗಳು ನಾವು ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡು ಓಡಾಡಿದೆವು. ಸಂಜೆ ಆಯಿಯ ಎದುರು ಚಪಾತಿ ಹಾಕುವುದು, ಬೆಳಿಗ್ಗೆ ಸೋಸಿ ತೆಗೆಯುವುದು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು, ಆದರೆ ಅಪ್ಪನ ಜೊತೆಗೆ ಹೇಳುವ ಸುಳ್ಳು ಬೇರೆ ಎನಿಸುತ್ತಿತ್ತು. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ದಿನ ಬೇರೆ ಇರಲಿಲ್ಲ. ಹೇಳಿಕೊಳ್ಳಲು ಈಗಲೂ ಸಂಕಟವಾಗುತ್ತದೆ, ಆದರೆ ಅದು ನಿಜ.

ಮತ್ತೆ ಶ್ರಾವಣ ಬಂತು. ಎರಡನೆಯ ಸೋಮವಾರ ಮಠದ ಅಯ್ಯನವರನ್ನು ಪಾದಪೂಜೆಗೆ ಕರೆದಿದ್ದರು. ಪಡಸಾಲೆ ತುಂಬ ಓಣಿಯ ಹೆಂಗಸರು. ಪೂಜೆ ಮುಗಿದು ಪಾದೋದಕ ಎಲ್ಲರಿಗೂ ಕೊಟ್ಟಾದ ಮೇಲೆ, ಪ್ರಸಾದಕ್ಕೆ ಏಳುವ ಮೊದಲು, ಆಯಿ ಅಯ್ಯನವರನ್ನು ತೊಟ್ಟಿಯ ಮುಂದೆ ಕರೆದುಕೊಂಡು ಬಂದಳು.

“ನೋಡ್ರಿ ಅಯ್ಯನೋರ, ಚಪಾತಿ ಬಿಟ್ಟು ಬ್ಯಾರೆ ಮುಟ್ಟಿಲ್ರಿ. ಒಂದೀಟ ವಿಭೂತಿ ಹಚ್ಚರಿ ಗಾಜಿಗೆ.”

ಅವತ್ತು ಅಪ್ಪನ ಸರದಿ. ಪೂಜೆಯ ಗಡಿಬಿಡಿಯಲ್ಲಿ ಅವನು ಸೀಗಡಿ ಹಾಕಲು ತಡಮಾಡಿದ್ದ, ಮಂದಿ ಬರುವ ಮುಂಚೆ ನಾಲ್ಕೈದು ಒಮ್ಮೆಗೇ ಎಸೆದು ಬಂದಿದ್ದ. ಅಷ್ಟೊಂದು ಮುಖಗಳು ಒಮ್ಮೆಗೇ ಗಾಜಿಗೆ ಬಂದದ್ದಕ್ಕೋ, ಯಾರೋ ಶಬ್ದಕೋಶ ಎತ್ತಿ ಮುಚ್ಚಳ ಸರಿಸಿದ್ದಕ್ಕೋ, ಶರಣಪ್ಪ ಬೆದರಿ ಒಂದು ಸುತ್ತು ಹೊಡೆದ. ಬಾಯಿ ತೆರೆದ. ಒಂದು ಪೂರ್ತಿ ಸೀಗಡಿ, ಮೀಸೆಯ ಸಮೇತ, ತೇಲಿ ಮೇಲೆ ಬಂತು. ಅದರ ಹಿಂದೆ ಇನ್ನೊಂದು.

ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಯಿ ಬಗ್ಗಿ ನೋಡಿದಳು, ನೆಟ್ಟಗಾದಳು, ಅಪ್ಪನ ಕಡೆ ತಿರುಗಿದಳು. ನಾನೂ ಅಪ್ಪನ ಕಡೆ ನೋಡಿದೆ. ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ, ಇದನ್ನು ನಾನು ಚೆನ್ನಾಗಿ ನೆನಪಿಟ್ಟಿದ್ದೇನೆ. ಅಪ್ಪ ಇದ್ದನಲ್ಲ.

ಅಪ್ಪ ನನ್ನ ಕಡೆ ತಿರುಗಿದ. ಅವನು ತರಗತಿಯಲ್ಲಿ ಕೇಳುವ ದನಿ ಅದು.

“ಶಶಿ, ಏನ ಹಾಕೀದಿ ಇದಕ್ಕ?”

ಮೊದಲು ನನಗೆ ತಮಾಷೆ ಎನಿಸಿತು. ಕಣ್ಣು ಹೊಡೆಯುತ್ತಾನೆ ಎಂದು ಕಾದೆ. ಅವನು ಹೊಡೆಯಲಿಲ್ಲ.

“ನಿನ್ನ ಕೇಳಾಕತ್ತೀನಿ. ಎಲ್ಲಿಂದ ತಂದಿ ಇದನ್ನ?”

ಅಡುಗೆ ಮನೆಯ ಬಾಗಿಲಲ್ಲಿ ಅವ್ವ ಹುಗ್ಗಿಯ ಸೌಟು ಹಿಡಿದು ನಿಂತಿದ್ದಳು. ಅವಳು ಸೌಟನ್ನೇ ನೋಡುತ್ತಿದ್ದಳು. ನೀನೇ ಅಲ್ಲವೇ ಎನ್ನಬಹುದಿತ್ತು, ಡಿಕ್ಕಿ ತೆಗೆದು ತೋರಿಸಬಹುದಿತ್ತು. ಅಪ್ಪನನ್ನು ಅಷ್ಟು ಜನರ ಮುಂದೆ ಹಿಡಿದುಕೊಡುವುದು ನನ್ನಿಂದ ಆಗಲಿಲ್ಲ. ಅವನಿಂದ ಆಯಿತು. ನಾನು ಸುಮ್ಮನೆ ನಿಂತದ್ದೇ ಒಪ್ಪಿಕೊಂಡಂತಾಯಿತು.

ಅಯ್ಯನವರು ಮಾತ್ರ ನಕ್ಕರು. ವಯಸ್ಸಾದ ಜೀವ. ಬಗ್ಗಿ ಗಾಜಿಗೆ ಮೂರು ಬೆರಳು ವಿಭೂತಿ ಎಳೆದರು.

“ಇರ್ಲಿ ಬಿಡ್ರಿ ತಾಯಿ. ಮೀನಿಗೆ ಶಿವ ಇಟ್ಟ ಊಟ ಅದ. ಮೀನು ಚಪಾತಿ ತಿಂತದಂತ ನಾನೂ ನಂಬಿದ್ದಿಲ್ಲ. ಕೂಸಿಗೆ ಬೈಬ್ಯಾಡ್ರಿ.”

ಅಷ್ಟೇ. ಅಷ್ಟಕ್ಕೇ ಮುಗಿಯುವ ಸಂಗತಿ ಅದು. ಅಪ್ಪ ನಾನೇ ಹಾಕಿದೆ ಎಂದಿದ್ದರೂ ಅಯ್ಯನವರು ಹೀಗೆಯೇ ನಗುತ್ತಿದ್ದರು, ಎಲ್ಲರೂ ಹುಗ್ಗಿ ಉಂಡು ಏಳುತ್ತಿದ್ದರು. ಅವರು ಬೈದಿದ್ದರೆ, ಅಪ್ಪನಿಗೆ ಹೆದರಿಕೆ ಇತ್ತು ಎಂದಾದರೂ ಹೇಳಬಹುದಿತ್ತು. ಅಯ್ಯನವರು ನಕ್ಕ ಮೇಲೂ ಅಪ್ಪ ಬಾಯಿ ಬಿಡಲಿಲ್ಲ. ಇದನ್ನು ನಾನು ಇವತ್ತಿಗೂ ಮಾಫಿ ಮಾಡಿಲ್ಲ.

ಆಯಿ ಬೈಯಲಿಲ್ಲ, ಹೊಡೆಯಲಿಲ್ಲ. ಮಂದಿ ಹೋದ ಮೇಲೆ ನನ್ನನ್ನು ತಲೆ ಮೇಲೆ ನೀರು ಹಾಕಿಕೊಂಡು ಬಾ ಎಂದಳು. ಬಂದೆ. ವಿಭೂತಿಯ ತಟ್ಟೆಗೆ ಕೈ ಹಾಕಿದಾಗ ಅದನ್ನು ತನ್ನ ಕಡೆ ಎಳೆದುಕೊಂಡಳು.

“ಇವತ್ತಿಂದ ಪತ್ರಿ, ಹೂವಾ ನೀ ತರಬ್ಯಾಡ. ಕೊಳ್ಳಾಗ ಲಿಂಗ ಕಟಗೊಂಡು ನನ್ನ ಕಣ್ಣಾಗ ಮಣ್ಣ ಹಾಕಿದಿ.”

ಒಂದು ವರ್ಷ ಅವಳು ನನ್ನ ಕೈಯ ನೀರು ಕುಡಿಯಲಿಲ್ಲ. ಬಾಯಾರಿದಾಗ ನಾನು ಪಕ್ಕದಲ್ಲೇ ಇದ್ದರೂ ಅವ್ವನನ್ನು ಕೂಗುತ್ತಿದ್ದಳು. ಅಪ್ಪ ಅದೇ ಪಡಸಾಲೆಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದ.

ಆ ಭಾನುವಾರವೇ ಶರಣಪ್ಪನನ್ನು ಖಾನಾಪುರಕ್ಕೆ ಬಿಟ್ಟು ಬರುವುದೆಂದಾಯಿತು. ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ತೊಡೆಯ ಮೇಲಿಟ್ಟುಕೊಂಡು ಅಪ್ಪನ ಹಿಂದೆ ಸ್ಕೂಟರಿನಲ್ಲಿ ಕೂತೆ. ಊರು ಬಿಡುವ ಮುಂಚೆ ಅಪ್ಪ ಒಂದು ಅಂಗಡಿಯ ಮುಂದೆ ನಿಲ್ಲಿಸಿ ಕುಂದಾ ಕಟ್ಟಿಸಿಕೊಂಡು ಬಂದ. ನನಗೆ ಪ್ರಾಣವಾದ ತಿಂಡಿ ಅದು. ನಾನು ಕೈ ಚಾಚಲಿಲ್ಲ.

“ಆಯಿಗೆ ವಯಸ್ಸಾಗೇತಿ,” ಎಂದ ಅಪ್ಪ, ಪೊಟ್ಟಣ ಹಿಡಿದು ನಿಂತು. “ಮಗಾ ಸುಳ್ಳ ಹೇಳ್ಯಾನಂದ್ರ ತಡಕೊಳ್ಳೂದಿಲ್ಲ. ನೀ ಸಣ್ಣಾಕಿ. ನಾಕ ದಿನಾ ಸಿಟ್ಟ ಮಾಡತಾಳ, ಮರೀತಾಳ.”

“ನಾ ಅದೀನಿ ಅಂದಿದ್ದಿ.”

ಅಪ್ಪ ಪೊಟ್ಟಣವನ್ನು ಡಿಕ್ಕಿಯಲ್ಲಿಟ್ಟು ಕಿಕ್ ಹೊಡೆದ. ಖಾನಾಪುರ ಮುಟ್ಟಿದೆವು. ಗದ್ದೆಯ ಬದುವಿನ ಪಕ್ಕದ ಕಾಲುವೆಯಲ್ಲಿ ಡಬ್ಬಿ ಓರೆ ಮಾಡಿದೆ. ಶರಣಪ್ಪ ಒಂದು ಗಳಿಗೆ ಹುಲ್ಲಿನ ಬುಡದಲ್ಲಿ ನಿಂತು, ಕೆಸರೆಬ್ಬಿಸಿ ಹೋದ. ಪುಂಡಲೀಕ ಕಾಕಾ ಅದರ ಬೆನ್ನಿನ ದಪ್ಪ, ಹರಿಯದ ರೆಕ್ಕೆ ನೋಡಿ ಖುಷಿಯಾಗಿದ್ದರು. ಮನೆಯಲ್ಲಿ ಆದದ್ದು ಅವರಿಗೆ ತಿಳಿದಿರಲಿಲ್ಲ.

“ಮಾಸ್ತರ, ಪೋರಿ ಭಾಳ ಚೊಲೊ ಜ್ವಾಪಾನ ಮಾಡ್ಯಾಳ ಬಿಡ್ರಿ. ತೊಟ್ಯಾಗ ಇಷ್ಟ ಚಂದ ಇಡೂದು ಹುಡುಗಾಟಿಕಿ ಅಲ್ಲ.”

“ಹೂಂ,” ಎಂದ ಅಪ್ಪ. “ಎಲ್ಲಾ ನಾನ ಕಲಿಸಿದ್ದು.”

ಆಮೇಲೆ ನಾನು ಬೇರೆ ಹುಡುಗಿಯಾದೆ. ಅಪ್ಪ ಹೊರಗೆ ಮಳೆ ಬರುತ್ತಿದೆ ಎಂದರೂ ಕಿಟಕಿಗೆ ಹೋಗಿ ನೋಡಿ ಬರುತ್ತಿದ್ದೆ. ಈಗಲೂ ಯಾರಾದರೂ ನಾನಿದ್ದೇನೆ ಎಂದರೆ, ಬರೆದು ಸಹಿ ಹಾಕಿ ಕೊಡಿ ಎನ್ನಬೇಕು ಎನಿಸುತ್ತದೆ. ಮನೆಯವರು ಇದನ್ನು ನನ್ನ ಸ್ವಭಾವ ಎನ್ನುತ್ತಾರೆ. ನಾನು ಹುಟ್ಟುವಾಗ ಹೀಗಿರಲಿಲ್ಲ.

ಹನ್ನೆರಡು ವರ್ಷ ಕಳೆದು ನನ್ನ ಮದುವೆ ಗೊತ್ತಾಯಿತು. ಅರಿಷಿಣದ ದಿನ ಮಧ್ಯಾಹ್ನ, ಹೆಂಗಸರೆಲ್ಲ ಹಚ್ಚಿ ಉಣ್ಣಲು ಹೋದ ಮೇಲೆ, ಆಯಿ ಬಟ್ಟಲು ಹಿಡಿದು ನನ್ನ ಮುಂದೆ ಬಂದು ಕೂತಳು. ಕಣ್ಣು ಮಂಜಾಗಿದ್ದವು, ಬುದ್ಧಿ ಮಂಜಾಗಿರಲಿಲ್ಲ. ನನ್ನ ಬಲಗೈ ಹಿಡಿದು ಮೊಳಕೈ ತನಕ ನಿಧಾನ ಹಚ್ಚತೊಡಗಿದಳು. ನನಗೆ ಏನು ತೋಚಿತೋ, ಇನ್ನು ಯಾವಾಗ ಹೇಳಲಿ ಎಂದು ಹೇಳಿಬಿಟ್ಟೆ.

“ಆಯಿ, ಅವತ್ತ ಶರಣಪ್ಪಗ ಸೀಗಡಿ ಹಾಕಿದ್ದು ನಾ ಅಲ್ಲ. ಅಪ್ಪ. ಮೊದಲಿಂದಾನೂ ಅಪ್ಪನ ಹಾಕತಿದ್ದ.”

ಅವಳ ಕೈ ನಿಲ್ಲಲಿಲ್ಲ.

“ಗೊತ್ತಿತ್ತ ನನಗ.”

“ಯಾವಾಗಿಂದ?”

“ಅವತ್ತ. ನಾ ಹಡದ ಮಗನ ಮಾರಿ ನನಗ ತಿಳಿಯೂದಿಲ್ಲೇನು?”

“ಮತ್ತ ನನ್ನ ಕೈಯಾಗಿನ ನೀರ ಯಾಕ ಬಿಟ್ಟಿ?”

ಆಯಿ ನನ್ನನ್ನು ಪ್ರೀತಿಯಿಂದಲೇ ನೋಡಿದಳು. ತಿಳಿಯದ ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದಳು.

“ಓಣೀ ಮಂದಿ ಮುಂದ, ಅಯ್ಯನೋರ ಮುಂದ ಅವನ ಸುಳ್ಳ ಅನ್ನಾಕ ಬರತಿತ್ತೇನ? ಅವ ಈ ಮನ್ಯಾಗ ಇರಾಂವ. ನೀ ಹೆಂಗಿದ್ರೂ ಹೋಗಾಕಿ.”

ಇಷ್ಟು ವರ್ಷ ಅಪ್ಪ ಒಬ್ಬನೇ ನನ್ನನ್ನು ಕೈಬಿಟ್ಟ ಎಂದು ತಿಳಿದಿದ್ದೆ. ಆಯಿಗೂ ಮೋಸವಾಗಿದೆ, ನಾವಿಬ್ಬರೂ ಒಂದೇ ಕಡೆಯವರು, ಎಂದಾದರೂ ನಿಜ ತಿಳಿದರೆ ಅವಳು ನನ್ನನ್ನು ಅಪ್ಪಿಕೊಂಡು ಅಳುತ್ತಾಳೆ ಎಂದು ಮನಸ್ಸಿನಲ್ಲಿ ಎಷ್ಟು ಸಲ ಆಡಿ ನೋಡಿದ್ದೆನೋ. ನನ್ನ ಕೈ ಹಿಂದಕ್ಕೆ ಎಳೆದುಕೊಂಡೆ.

ಆಯಿ ಬಟ್ಟಲಿನ ಅರಿಷಿಣ ಕಲೆಸುತ್ತ, “ಆ ಕೈ ಆತು,” ಎಂದಳು. “ಇನ್ನೊಂದ ತಾ.”

ಕೊಟ್ಟೆ.